ಒಂಬತ್ತು ಜಾಡಿಗಳ ಹೊಸೂರು ರಸ್ತೆ

ನಮ್ಮ ಮನೆಯ ಹಿಂದಿನ ಶೆಡ್ಡನ್ನು ಬಾಡಿಗೆಗೆ ಕೇಳಿಕೊಂಡು ಬಂದವರೆಲ್ಲ ಮೊದಲು ನೀರಿನ ವಿಷಯ ಕೇಳುತ್ತಿದ್ದರು, ಆಮೇಲೆ ಕರೆಂಟಿನದು. ಈ ಹೆಂಗಸು ಎರಡನ್ನೂ ಕೇಳಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರು. ಹಿಮ್ಮಡಿಯಿಂದ ನೆಲವನ್ನು ನಾಲ್ಕು ಕಡೆ ಗುದ್ದಿ ನೋಡಿದರು. ಆಮೇಲೆ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಚೀಲದಿಂದ ಒಂದು ಗೋಲಿ ತೆಗೆದು ನೆಲದ ಮೇಲಿಟ್ಟರು. ಗೋಲಿ ಯಾವ ಕಡೆಗೂ ಓಡದೆ ಇಟ್ಟಲ್ಲೇ ಕೂತಿತು.

"ನೆಲ ಸಮ ಇದೆ ರೀ. ಯಾವತ್ತಿಂದ ಬರ್ಲಿ?" ಅಂದರು.

ಗೋಲಿ ಹಿಡಿದುಕೊಂಡು ಜಾಗ ಹುಡುಕುವವರನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಹೋದ ತಿಂಗಳು ಅವರು ಮೈಸೂರಿನಲ್ಲಿ ತಂಗಿಯ ಮನೆಯಲ್ಲಿ ತೀರಿಕೊಂಡರು. ಮಲಗಿದ್ದ ಹಾಗೇ ಹೋದರಂತೆ, ಯಾರಿಂದಲೂ ಸೇವೆ ಮಾಡಿಸಿಕೊಳ್ಳಲಿಲ್ಲವಂತೆ. ಅಷ್ಟರಮಟ್ಟಿಗೆ ಈಶ್ವರ ಅವರನ್ನು ಚೆನ್ನಾಗಿ ನೋಡಿಕೊಂಡ. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಮಾಡಿದ ಪಾತ್ರೆಯ ತಳಕ್ಕೂ ಅವರು ಹೆಸರು ಹಾಕುತ್ತಿರಲಿಲ್ಲ, ಹಸಿ ಮಣ್ಣಿಗೆ ಹೆಬ್ಬೆಟ್ಟು ಒತ್ತಿ ಸುಮ್ಮನಾಗುತ್ತಿದ್ದರು. ಸಿಂಗಸಂದ್ರದ ನಮ್ಮ ಬೀದಿಗೆಲ್ಲ ಅವರು ಪಿಂಗಾಣಿ ಮೇಡಂ. ಆರು ವರ್ಷ ನಮ್ಮ ಹಿತ್ತಲಲ್ಲಿ ಕೆಲಸ ಮಾಡಿದರು. ಆ ಆರು ವರ್ಷದಲ್ಲಿ ಮೂರು ದಿನ ನಾನು ಅವರಿಗೆ ಅನ್ಯಾಯ ಮಾಡಿದ್ದೇನೆ. ಅದನ್ನು ಬಿಟ್ಟು ಅವರ ಬಗ್ಗೆ ಬರೆದರೆ ಸುಳ್ಳು ಬರೆದ ಹಾಗೆ.

ಅವರು ಬಂದಾಗ ಹೊಸೂರು ರಸ್ತೆಯ ಮೇಲೆ ಇನ್ನೊಂದು ರಸ್ತೆ ಎದ್ದು ನಿಲ್ಲುತ್ತಿತ್ತು. ಕಂಬಗಳು ಮಾತ್ರ ಬಂದಿದ್ದವು, ಮೇಲೆ ರಸ್ತೆ ಇರಲಿಲ್ಲ. ಬೆಳಿಗ್ಗೆ ಒಣಹಾಕಿದ ಬಿಳಿ ಪಂಚೆ ಮಧ್ಯಾಹ್ನಕ್ಕೆ ಗೋಣಿಚೀಲದ ಬಣ್ಣಕ್ಕೆ ತಿರುಗುತ್ತಿತ್ತು. ನಾವೆಲ್ಲ ಆ ಕಂಬಗಳನ್ನು ಬೈದುಕೊಂಡು ಓಡಾಡುತ್ತಿದ್ದರೆ ಅವರು ಒಂದು ನೋಟ್‌ಬುಕ್ ಹಿಡಿದು ಹೋಗಿ ಅವುಗಳ ಎದುರು ನಿಂತು ಬರೆದುಕೊಳ್ಳುತ್ತಿದ್ದರು. ರಸ್ತೆ ಅಗಲ ಮಾಡುವ ಇಲಾಖೆಯವರು ಅಂದುಕೊಂಡು ಟೀ ಅಂಗಡಿಯವನು ಒಮ್ಮೆ ಓಡಿ ಬಂದಿದ್ದನಂತೆ.

"ಮೇಡಂ, ನಮ್ಮಂಗಡಿ ಹೋಗುತ್ತಾ?"

"ನಾನು ಬರೆಯೋಳು ಅಣ್ಣ, ಒಡೆಯೋಳಲ್ಲ. ನಿನ್ನ ಅಂಗಡಿ ಬರ್ಕೊಂಡಿದೀನಿ, ಇನ್ನು ಎಲ್ಲೂ ಹೋಗಲ್ಲ."

ಅವನು ಆವತ್ತು ಟೀಗೆ ದುಡ್ಡು ತೆಗೆದುಕೊಳ್ಳಲಿಲ್ಲವೆಂದು ನಗುತ್ತಾ ಬಂದು ಹೇಳಿದರು.

ಅವರು ಮಾಡುತ್ತಿದ್ದದ್ದು ನಮ್ಮ ಅಜ್ಜಿಯರ ಕಾಲದ ಉಪ್ಪಿನಕಾಯಿ ಜಾಡಿಗಳನ್ನು. ಅದೇ ದುಂಡು ಹೊಟ್ಟೆ, ಅದೇ ಗಿಡ್ಡ ಕತ್ತು, ತಲೆಯ ಮೇಲೆ ಮುಚ್ಚಳ. ಆದರೆ ಮೈಯೆಲ್ಲ ಬೆಳ್ಳಗೆ, ಅದರ ಮೇಲೆ ನೀಲಿ ಚಿತ್ರ. ದೂರದಿಂದ ನೋಡಿದರೆ ದೊಡ್ಡವರ ಮನೆಯ ಗಾಜಿನ ಬೀರುವಿನಲ್ಲಿ ಇರುತ್ತಿದ್ದಂಥ ಚೀನಾ ದೇಶದ ಹಳೆಯ ಪಿಂಗಾಣಿ ಎನ್ನಬೇಕು. ಹತ್ತಿರ ಹೋದರೆ ಬೇರೆ. ಬಳ್ಳಿ ಹಬ್ಬಿದೆ ಅಂದುಕೊಂಡದ್ದು ಕಂಪನಿಯವರು ಕೊರಳಿಗೆ ಹಾಕುವ ಐಡಿ ಕಾರ್ಡಿನ ದಾರ. ಮೋಡ ಅಂದುಕೊಂಡದ್ದು ನೀರಿನ ಟ್ಯಾಂಕರಿನ ಹೊಗೆ. ಬೆಂಕಿ ಉಗುಳುವ ಹಾವಿನಂಥ ಪ್ರಾಣಿ ಇರಬೇಕಾದ ಕಡೆ ಮಣ್ಣು ಅಗೆಯುವ ಜೆಸಿಬಿ, ಕತ್ತು ಎತ್ತಿಕೊಂಡು.

ನಮ್ಮ ಯಜಮಾನರಿಗೆ ಇದು ಸರಿಬರುತ್ತಿರಲಿಲ್ಲ. "ಅಲ್ಲ ಮೇಡಂ, ಈ ಗಾಡೀನ ದಿನಾ ರೋಡಲ್ಲಿ ನೋಡಿ ತಲೆ ಕೆಟ್ಟೋಗಿದೆ. ಜಾಡಿ ಮೇಲೂ ಅದೇನಾ? ಒಂದು ನವಿಲು ಬರೀಬಾರ್ದಾ?"

"ಸಿಂಗಸಂದ್ರದಲ್ಲಿ ನವಿಲು ಎಲ್ಲಿದೆ ತೋರ್ಸಿ ಸಾರ್, ಇವತ್ತೇ ಬರೀತೀನಿ."

"ಹಂಗಂದ್ರೆ ಚೀನಾದವರ ಮನೆ ಹಿಂದೆ ಆ ಬೆಂಕಿ ಹಾವು ಇತ್ತಾ?"

"ಅವರಿಗೆ ಯಾವುದನ್ನ ಕಂಡ್ರೆ ಭಯಾನೋ ಅದನ್ನ ಬರೆದ್ರು. ನಿಮಗೆ ಯಾವುದನ್ನ ಕಂಡ್ರೆ ಭಯ ಹೇಳಿ?"

ಯಜಮಾನರು ರಸ್ತೆಯ ಕಡೆ ನೋಡಿ, "ಜೆಸಿಬಿನೇ ಬಿಡಿ," ಅಂದರು. ರಸ್ತೆ ಬದಿಯಲ್ಲಿದ್ದ ನಮ್ಮ ಮುಂದಿನ ಕೋಣೆ ಅದರ ಬಾಯಿಗೇ ಹೋಗಿತ್ತು.

ಅವರ ತಂದೆ ಪಿಂಗಾಣಿ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರಂತೆ. ಬಟ್ಟಲು ತಟ್ಟೆಯಲ್ಲ, ಕರೆಂಟ್ ಕಂಬದ ಮೇಲೆ ತಂತಿ ಕಟ್ಟುವ ಬಿಳಿ ಇನ್ಸುಲೇಟರುಗಳನ್ನು ಮಾಡುವ ಕಾರ್ಖಾನೆ. ಹಾಗಾಗಿ ಮೇಡಂ ಜೊತೆ ತರಕಾರಿಗೆ ಹೋದರೆ ನಡುವೆ ಎಲ್ಲಾದರೂ ಒಂದು ಕಂಬದ ಕೆಳಗೆ ನಿಂತುಬಿಡುತ್ತಿದ್ದರು. ಕತ್ತೆತ್ತಿ ನೋಡಿ, "ಇದು ನಮ್ಮಪ್ಪ ಮಾಡಿದ್ದೇ ಇರಬಹುದು ಗಿರಿಜಮ್ಮ," ಅನ್ನುತ್ತಿದ್ದರು. ನಾನೂ ಕತ್ತೆತ್ತುತ್ತಿದ್ದೆ. ದಾರಿಯಲ್ಲಿ ಹೋಗುವವರು ಏನು ಉರಿಯುತ್ತಿದೆಯೋ ಎಂದು ತಾವೂ ನಿಲ್ಲುತ್ತಿದ್ದರು.

ನನಗೆ ಅವರ ಸ್ನೇಹ ಆದದ್ದು ನಮ್ಮ ಅತ್ತೆಯಿಂದ. ಅತ್ತೆ ಬಲು ಮಡಿ. ಪಿಂಗಾಣಿಗೆ ಮೂಳೆಯ ಪುಡಿ ಬೆರೆಸುತ್ತಾರೆಂದು ಯಾರೋ ಅವರ ಕಿವಿಗೆ ಹಾಕಿದ್ದರು. ಮೇಡಂ ಹಬ್ಬಕ್ಕೆಂದು ಕೊಟ್ಟ ಚಂದದ ಬಟ್ಟಲು ನಮ್ಮ ಹೊಸಿಲು ದಾಟಲಿಲ್ಲ, ಹೊರಗೆ ಕಿಟಕಿಯ ಮೇಲೆ ಕೂತಿತು. ಮೇಡಂ ಅದನ್ನು ನೋಡಿದರು. ಬೇಜಾರು ಮಾಡಿಕೊಳ್ಳಲಿಲ್ಲ. ಮಾರನೇ ದಿನ ಮೂರು ಡಬ್ಬಿ ತಂದು ಅತ್ತೆಯ ಮುಂದೆ ತೆರೆದಿಟ್ಟರು.

"ನೋಡಿ ಅಜ್ಜಿ. ಇದು ಬಿಳಿ ಮಣ್ಣು. ಇವೆರಡೂ ಕಲ್ಲು, ಪುಡಿ ಮಾಡಿರೋದು. ನಾನು ಹಾಕೋದು ಈ ಮೂರೇ. ಮೂಳೆ ಹಾಕೋ ಜಾತಿ ಬೇರೆ ಇದೆ, ನಾನು ಅದನ್ನ ಮಾಡಲ್ಲ."

ಅತ್ತೆ ಮೂರನ್ನೂ ಮೂಸಿ ನೋಡಿದರು. ಅಷ್ಟು ಸಾಲದೆ ಬೆರಳು ಅದ್ದಿ ನಾಲಿಗೆಯ ತುದಿಗೆ ಇಟ್ಟುಕೊಂಡರು.

"ಮಣ್ಣೇ ಕಣಮ್ಮಿ," ಎಂದು ತೀರ್ಪು ಕೊಟ್ಟರು. "ಇಂಗೆ ಮೊದ್ಲೇ ಯೋಳದಲ್ವಾ? ಒಳೀಕೆ ತತ್ತಾ ಬಟ್ಲ."

ಅಂದಿನಿಂದ ಮೇಡಂ ನಮ್ಮ ಮನೆಯಲ್ಲಿ ಹನ್ನೊಂದು ಗಂಟೆಯ ಕಾಫಿ ಕುಡಿಯತೊಡಗಿದರು. ಒಬ್ಬರನ್ನು ಒಪ್ಪಿಸುವುದಕ್ಕೆ ಅವರು ವಾದ ಮಾಡುತ್ತಿರಲಿಲ್ಲ, ಡಬ್ಬಿ ತೆರೆದು ಇಟ್ಟುಬಿಡುತ್ತಿದ್ದರು. ಆ ಗುಣ ನನಗಿದ್ದಿದ್ದರೆ ಮುಂದಿನದೆಲ್ಲ ಆಗುತ್ತಿರಲಿಲ್ಲ.

ಅವರ ಕೆಲಸದ ಕ್ರಮವನ್ನು ಇಲ್ಲಿ ಸ್ವಲ್ಪ ಹೇಳಬೇಕು. ತಿಗರಿಯ ಮೇಲೆ ಮಾಡಿದ ಜಾಡಿಯನ್ನು ಒಣಗಿಸಿ ಮೊದಲು ಒಂದು ಸಲ ಹದವಾಗಿ ಸುಡುವುದು. ಆಗ ಅದು ಸೀಮೆಸುಣ್ಣದ ಹಾಗಿರುತ್ತದೆ, ಒಂದು ಹನಿ ನೀರು ಬಿದ್ದರೂ ಕುಡಿದುಬಿಡುತ್ತದೆ. ಅದರ ಮೇಲೆ ಚಿತ್ರ ಬರೆಯುವುದು. ಆಮೇಲೆ ಮಜ್ಜಿಗೆಯಂಥ ಹೊಳಪಿನ ನೀರಿನಲ್ಲಿ ಅದ್ದಿ, ಗ್ಯಾಸಿನ ಗೂಡಿನಲ್ಲಿ ಎರಡನೇ ಸಲ ಭಾರೀ ಕಾವಿನಲ್ಲಿ ಸುಡುವುದು. ಬರೆಯುವಾಗ ಆ ನೀಲಿ ನೀಲಿಯಾಗಿರುವುದಿಲ್ಲ, ಮಸಿಯ ಹಾಗೆ ಕಪ್ಪಗಿರುತ್ತದೆ. "ಬೆಂಕಿ ಒಪ್ಪಿದ್ರೆ ನೀಲಿ," ಅನ್ನುತ್ತಿದ್ದರು. ಗೂಡು ತೆರೆದ ಮೇಲೆ ಏನಾದರೂ ಸರಿಯಿಲ್ಲ ಅನ್ನಿಸಿದರೆ ತಕ್ಷಣ ತೀರ್ಮಾನ ಮಾಡುತ್ತಿರಲಿಲ್ಲ. ಮೂರು ದಿನ ಎದುರಿಗಿಟ್ಟುಕೊಂಡು ನೋಡುತ್ತಿದ್ದರು. ನಾಲ್ಕನೇ ದಿನವೂ ಸರಿ ಅನ್ನಿಸದಿದ್ದರೆ ಸುತ್ತಿಗೆ. ಸ್ವಲ್ಪ ಐಬಿದ್ದದ್ದನ್ನು ಯಾರಿಗಾದರೂ ಕೊಡಬಹುದಲ್ಲ ಎಂದು ನಾನು ಎಷ್ಟೋ ಸಲ ಕೇಳಿದ್ದೇನೆ. ತಲೆಯಾಡಿಸಿ ನಕ್ಕುಬಿಡುತ್ತಿದ್ದರು.

ಬಂದು ಎರಡನೇ ವರ್ಷ ಒಂಬತ್ತು ಜಾಡಿಗಳ ಕೆಲಸ ಹಿಡಿದರು. ಬಹಳ ವರ್ಷಗಳ ಮೇಲೆ ಅವರದೇ ಒಂದು ಪ್ರದರ್ಶನ, ಪೇಟೆಯ ಒಂದು ಹಾಲ್‌ನಲ್ಲಿ. ಒಂಬತ್ತನ್ನೂ ಸಾಲಾಗಿಟ್ಟರೆ ಹೊಸೂರು ರಸ್ತೆ ಒಂದು ಜಾಡಿಯಿಂದ ಇನ್ನೊಂದಕ್ಕೆ ಹರಿದುಕೊಂಡು ಹೋಗಬೇಕು. ಎರಡನೆಯದರ ಮೇಲೆ ಬೊಮ್ಮನಹಳ್ಳಿಯಲ್ಲಿ ಗಾರ್ಮೆಂಟ್ಸ್ ಬಿಟ್ಟಾಗ ಒಬ್ಬರ ಕೈ ಒಬ್ಬರು ಹಿಡಿದು ರಸ್ತೆ ದಾಟುವ ಹೆಣ್ಣುಮಕ್ಕಳು, ಮುಂದೆ ನಮ್ಮ ಸಿಂಗಸಂದ್ರದ ಟೀ ಅಂಗಡಿ, ಕಂಬಗಳ ಕೆಳಗೆ ಸೀರೆ ಕಟ್ಟಿ ಮಗುವನ್ನು ತೂಗುವ ರಾಯಚೂರು ಕಡೆಯ ತಾಯಿ, ಕೊನೆಗೆ ಕಂಪನಿಗಳ ಗಾಜಿನ ಕಟ್ಟಡಗಳು. ಹತ್ತಿರ ಹತ್ತಿರ ಒಂದು ವರ್ಷ ಬರೆದರು.

ಆ ವರ್ಷವೇ ಅವರ ಬಲಗೈ ತೊಂದರೆ ಕೊಡಲು ಶುರು ಮಾಡಿದ್ದು. ಕಾಫಿ ಲೋಟ ಎತ್ತುವಾಗ ಸಣ್ಣಗೆ ನಡುಗುತ್ತಿತ್ತು. ನಾನು ನೋಡಿದ್ದನ್ನು ಅವರು ನೋಡಿದರು.

"ಕುಂಚ ಹಿಡಿದಾಗ ನಡುಗಲ್ಲ ಗಿರಿಜಮ್ಮ. ಸದ್ಯ. ಅಲ್ಲೂ ನಡುಗಿದ ದಿನ ಶೆಡ್ಡಿನ ಬೀಗದ ಕೈ ನಿಮ್ಮ ಕೈಗೆ ಕೊಟ್ಟು ತಂಗಿ ಮನೆಗೆ ಹೋಗ್ತೀನಿ. ಕೈ ಸರಿಯಿಲ್ದೆ ಮಾಡಿದ್ದನ್ನ ನಾನು ನೋಡ್ಲಾರೆ."

ಆ ಮಾತನ್ನು ಅವರು ಬೇರೆ ಯಾರಿಗೂ ಹೇಳಿರಲಿಲ್ಲ. ನನಗೆ ಮಾತ್ರ ಗೊತ್ತಿತ್ತು.

ಆಯುಧಪೂಜೆಯ ದಿನ ಅವರು ಪ್ರದರ್ಶನದ ಹಾಲ್ ನೋಡಿಬರಲು ಹೊರಟರು. ಬೀಗದ ಕೈ ನನಗೆ ಕೊಟ್ಟು, "ಗೂಡಿಗೆ, ತಿಗರಿಗೆ ನೀವೇ ಪೂಜೆ ಮಾಡ್ಬಿಡಿ. ನನಗೆ ಅದೆಲ್ಲ ಬರಲ್ಲ. ಜಾಡಿಗಳ ಮೇಲೆ ಬಣ್ಣ ಇದೆ, ಹುಷಾರು, ಕೈ ತಾಗಿದ್ರೆ ಅಳಿಸಿಹೋಗುತ್ತೆ," ಅಂದರು.

ಗೂಡಿಗೆ ಹೂವು ಹಾಕಿದೆ, ತಿಗರಿಗೆ ಕುಂಕುಮ ಇಟ್ಟೆ. ನಾವು ಈಶ್ವರನ ಒಕ್ಕಲು, ಎಲ್ಲಕ್ಕೂ ಮೂರು ಬೆರಳಿನ ವಿಭೂತಿ ಪಟ್ಟೆ ಎಳೆದೆ. ಮಂಗಳಾರತಿ ಎತ್ತುವಾಗ ಹಲಗೆಯ ಮೇಲೆ ಸಾಲಾಗಿ ಕೂತಿದ್ದ ಒಂಬತ್ತು ಜಾಡಿಗಳು ಕಂಡವು. ಇಷ್ಟು ಕಷ್ಟಪಟ್ಟು ಮಾಡಿರುವುದು ಇವನ್ನೇ, ಇವಕ್ಕೇ ಇಲ್ಲವೇ ಅನ್ನಿಸಿತು. ಚಿತ್ರ ಅಳಿಸಬಾರದು ತಾನೇ? ಕತ್ತಿನ ಕೆಳಗೆ ಬಣ್ಣವಿಲ್ಲದ ಜಾಗ ನೋಡಿ ಒಂದೊಂದಕ್ಕೂ ಮೂರು ಬೆರಳು ಎಳೆದೆ. ಅವರ ಕೈ ಚೆನ್ನಾಗಿರಲಿ ಎಂದು ಬೇಡಿಕೊಂಡೇ ಎಳೆದೆ. ಮಾರನೇ ದಿನ ಬೆಳಿಗ್ಗೆ ಅವರು ಬರುವ ಮುಂಚೆ ಒದ್ದೆ ಬಟ್ಟೆಯಿಂದ ಒರೆಸಿದೆ. ಬಿಳಿಯ ಮೇಲೆ ಬಿಳಿ, ಏನೂ ಉಳಿದದ್ದು ಕಾಣಲಿಲ್ಲ. ಕಾಣದ್ದನ್ನು ಏನೆಂದು ಹೇಳುವುದು? ಹೇಳಲಿಲ್ಲ.

ಐದಾರು ದಿನದ ಮೇಲೆ ಗೂಡು ತಣ್ಣಗಾಗಿ ಬಾಗಿಲು ತೆರೆದಾಗ ನನ್ನನ್ನೂ ಕರೆದಿದ್ದರು. ಮೊದಲ ಜಾಡಿ ಹೊರಗೆ ಬಂತು. ಅಂಥ ನೀಲಿಯನ್ನು ನಾನು ಕಂಡಿರಲಿಲ್ಲ. ಆದರೆ ಕತ್ತಿನ ಕೆಳಗೆ ಮೂರು ಗೆರೆ, ತೆಳು ಹಸಿರು, ಒದ್ದೆಯಾದ ಹಾಗೆ ಹೊಳೆಯುತ್ತಿದ್ದವು. ಅವುಗಳ ಕೆಳಗೆ ಕಂಬಗಳ ನೀಲಿ ಕರಗಿ ಮೇಣದ ಹಾಗೆ ಇಳಿದಿತ್ತು. ಎರಡನೆಯದೂ ಹಾಗೇ. ಒಂಬತ್ತೂ ಹಾಗೇ.

ನನಗೆ ನೋಡಿದ ಕ್ಷಣವೇ ಗೊತ್ತಾಯಿತು.

ಮೇಡಂ ಮಾತ್ರ ಬೇರೆಯೇ ಏನೋ ನೋಡುತ್ತಿದ್ದರು. ಒಂದು ಜಾಡಿಯನ್ನು ಎತ್ತಿ ಬಲಗೈಯ ಮೂರು ಬೆರಳನ್ನು ಆ ಮೂರು ಗೆರೆಗಳ ಮೇಲೆ ಮೆಲ್ಲಗೆ ಇಟ್ಟರು. ಸರಿಯಾಗಿ ಕೂತವು. ಹೊಳಪಿನ ನೀರಿಗೆ ಅದ್ದುವಾಗ ಅವರು ಜಾಡಿಯನ್ನು ಹಿಡಿಯುತ್ತಿದ್ದದ್ದು ಅಲ್ಲೇ, ಹಾಗೇ.

"ಹಿಡಿದ ಕೈ ನಡುಗಿದೆ," ಅಂದರು. "ಹಿಡಿದ ಕಡೆ ದಪ್ಪ ಕೂತು ಇಳಿದುಬಿಟ್ಟಿದೆ. ಒಂಬತ್ತರಲ್ಲೂ. ನನಗೆ ಗೊತ್ತೇ ಆಗಿಲ್ಲ ನೋಡಿ."

ಆಗ ಹೇಳಬೇಕಿತ್ತು. ಹೇಳಲಿಲ್ಲ. ಮನೆಗೆ ಬಂದು ಯಜಮಾನರ ಹತ್ತಿರ ಹೇಳಿಕೊಂಡೆ.

"ಈಗ ಹೇಳಿದ್ರೆ ಜಾಡಿ ನೆಟ್ಟಗಾಗುತ್ತಾ? ಸುಮ್ನಿರೆ," ಅಂದರು. "ದೇವರ ಕೆಲಸ ತಾನೇ ಮಾಡಿದ್ದು ನೀನು? ಕಳ್ಳತನ ಅಲ್ವಲ್ಲ."

ಆ ಮಾತು ನನಗೆ ಹಿತವಾಗಿತ್ತು, ಹಿಡಿದುಕೊಂಡೆ. ಮೂರು ದಿನ ಮೇಡಂ ಶೆಡ್ಡಿನ ಬಾಗಿಲಲ್ಲಿ ಮಣೆ ಹಾಕಿಕೊಂಡು ಜಾಡಿಗಳ ಎದುರು ಕೂತಿದ್ದರು. ಕಾಫಿಗೆ ಕರೆದರೆ ಬರುತ್ತಿದ್ದರು, ಲೋಟವನ್ನು ಎಡಗೈಯಲ್ಲಿ ಎತ್ತುತ್ತಿದ್ದರು. ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡಿರುತ್ತಿದ್ದರು, ಬೇರೆಯವರ ಸಾಮಾನನ್ನು ಇಟ್ಟುಕೊಂಡ ಹಾಗೆ. ಎರಡನೇ ದಿನ ತಂಗಿಗೆ ಫೋನ್ ಮಾಡಿ, "ಮೇಲಿನ ರೂಮು ಖಾಲಿ ಇದೆಯೇನೇ?" ಎಂದು ಕೇಳಿದ್ದು ನನ್ನ ಕಿವಿಗೆ ಬಿತ್ತು. ಸಂಜೆ ದೀಪ ಹಚ್ಚುವಾಗ ನಾನು ದಿನದ ಒಳ್ಳೆಯದನ್ನು ನೆನೆದು ಕೈಮುಗಿಯುವವಳು. ನೀರು ಬಂತು, ಹಾಲು ಉಕ್ಕಲಿಲ್ಲ, ಎಲ್ಲರೂ ಸುಖವಾಗಿ ಮನೆ ಸೇರಿದರು ಎಂದು. ಆ ಮೂರು ಸಂಜೆ ದೀಪ ಹಚ್ಚಿ ಎದ್ದು ಬಂದೆ.

ನಾಲ್ಕನೇ ದಿನ ಬೆಳಿಗ್ಗೆ ಒಗೆಯುವ ಕಲ್ಲಿನ ಹತ್ತಿರ ಇದ್ದೆ. ಸುತ್ತಿಗೆಯ ಸದ್ದು ಕೇಳಿತು. ಒಂದೇ ಏಟು, ಆಮೇಲೆ ಚೂರುಗಳು ನೆಲಕ್ಕೆ ಹರಡಿದ ಸದ್ದು. ಸೋಪಿನ ಕೈಯಲ್ಲೇ ಓಡಿದೆ. ಅವರು ಗೋಣಿಚೀಲ ಹಾಸಿಕೊಂಡು ಇನ್ನೊಂದು ಜಾಡಿಯನ್ನು ಅದರ ಮೇಲೆ ಇಟ್ಟಿದ್ದರು.

"ಮೇಡಂ, ಒಡೀಬೇಡಿ! ಅದು ನಿಮ್ಮ ಕೈಯಲ್ಲ, ನನ್ನ ಕೈ. ವಿಭೂತಿ ಹಚ್ಚಿದ್ದೆ. ಪೂಜೆ ದಿನ. ಒರೆಸಿದ್ದೆ, ಹೋಗಿದೆ ಅಂದ್ಕೊಂಡೆ."

ಅವರು ಸುತ್ತಿಗೆ ಇಳಿಸಲಿಲ್ಲ, ಹಾಗೇ ನನ್ನನ್ನು ನೋಡಿದರು. "ವಿಭೂತಿನಾ?"

"ಹೂಂ."

"ಬೂದಿ," ಅಂದರು ತಮಗೇ ಹೇಳಿಕೊಂಡ ಹಾಗೆ. "ಒರೆಸಿದ್ರೆ ಹೋಗಲ್ಲ ರೀ ಅದು. ಒಳಗೆ ಕುಡಿದುಬಿಡುತ್ತೆ. ಬೆಂಕೀಲಿ ಕರಗಿ ಗಾಜಾಗುತ್ತೆ." ಆಮೇಲೆ ದನಿ ಏರಿತು. "ನಿಮಗೆ ಯಾವಾಗ ಗೊತ್ತಾಯ್ತು?"

"ಗೂಡು ತೆಗೆದಾಗಲೇ."

ಸುತ್ತಿಗೆ ಕೆಳಗಿಟ್ಟರು. ಅವರು ಕೂಗಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಹಚ್ಚಿದ್ದಕ್ಕೆ ನನಗೆ ಕೋಪ ಇಲ್ಲ ಗಿರಿಜಮ್ಮ! ಒಳ್ಳೇದಾಗ್ಲಿ ಅಂತಾನೇ ಹಚ್ಚಿರ್ತೀರ. ಮೂರು ದಿನ ನನ್ನ ಕೈ ಸತ್ತೋಗಿದೆ ಅಂತ ನಾನು ಕೂತಿದ್ನಲ್ರೀ, ಅದನ್ನ ನೋಡ್ಕೊಂಡು ಕಾಫಿ ಕೊಟ್ರಲ್ಲ. ಹೋಗಿ, ಹೋಗಿ ಇಲ್ಲಿಂದ."

ಹೋದೆ. ಒಡೆದದ್ದು ಯಾವುದೆಂದು ನೋಡಿಕೊಂಡೇ ಹೋದೆ. ಬೊಮ್ಮನಹಳ್ಳಿಯ ಹೆಣ್ಣುಮಕ್ಕಳದ್ದು. ಹಿಡಿದ ಕೈಗಳು ಒಂದೊಂದು ಚೂರಿನಲ್ಲಿ ಒಂದೊಂದು ಬಿದ್ದಿದ್ದವು.

ಎಂಟು ದಿನ ಅವರು ನನ್ನ ಜೊತೆ ಮಾತಾಡಲಿಲ್ಲ. ಅತ್ತೆ, "ಯಾಕಮ್ಮಿ, ಆಯಮ್ಮ ಕಾಪಿಗೆ ಬರಾಕಿಲ್ವಾ?" ಎಂದು ದಿನವೂ ಕೇಳುತ್ತಿದ್ದರು. ಒಂಬತ್ತನೇ ದಿನ ಹನ್ನೊಂದಕ್ಕೆ ಮೇಡಂ ತಾವೇ ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತರು.

"ಆ ವಿಭೂತಿ ಗಟ್ಟಿ ಸ್ವಲ್ಪ ಕೊಡಿ. ಬೇರೆ ಚೂರಿನ ಮೇಲೆ ಹಚ್ಚಿ ಸುಟ್ಟು ನೋಡ್ಬೇಕು. ನೀವು ಹೇಳಿದ್ದೇ ನಿಜಾನಾ ಅಂತ."

ಸುಟ್ಟು ನೋಡಿದರು. ನಿಜವಾಗಿತ್ತು. ಆ ದಿನ ಲೋಟವನ್ನು ಬಲಗೈಯಲ್ಲಿ ಎತ್ತಿದರು. ಉಳಿದವನ್ನು ಪ್ರದರ್ಶನಕ್ಕೆ ಕಳಿಸುವುದಾಗಿ ಹೇಳಿದರು. ನಾನು ಸಂತೋಷದಿಂದ, "ಚೆನ್ನಾಗಿ ಕಾಣ್ತವೆ ಮೇಡಂ, ಕಂಬದ ಮೇಲೆ ಮಳೆ ಬಿದ್ದ ಹಾಗಿದೆ," ಅಂದೆ.

"ಸಮಾಧಾನ ಮಾಡ್ಬೇಡಿ. ಚೆನ್ನಾಗಿದೆ ಅಂತ ಕಳಿಸ್ತಿಲ್ಲ. ಏನಾಯ್ತು ಅಂತ ಗೊತ್ತಿದೆ, ಅದಕ್ಕೆ ಕಳಿಸ್ತಿದೀನಿ. ಯಾಕಾಯ್ತು ಅಂತ ಗೊತ್ತಾಗ್ದೇ ಇರೋದನ್ನ, ಇಲ್ಲಾ ನನ್ನ ಕೈ ಕೆಟ್ಟು ಆಗಿದ್ದನ್ನ ಮಾತ್ರ ನಾನು ಒಡೆಯೋದು."

ಆಮೇಲೆ ಆ ಕೈ ಇನ್ನೂ ನಾಲ್ಕು ವರ್ಷ ಕೆಲಸ ಮಾಡಿತು. ಕೊನೆಗೆ ಒಂದು ದಿನ ಕುಂಚ ಹಿಡಿದಾಗಲೂ ನಡುಗಿತು. ಅವತ್ತೇ ಬಂದು ಬೀಗದ ಕೈ ಕೊಟ್ಟರು, ಹೇಳಿದ್ದ ಹಾಗೆಯೇ. ಅಳಲಿಲ್ಲ. ಆದರೆ ಆ ನಾಲ್ಕು ವರ್ಷ ಅವರಿಗೆ ದಕ್ಕಿದವು ಎಂದು ನಾನು ಎಷ್ಟು ದೀಪ ಹಚ್ಚಿದ್ದೇನೋ.

ಆ ಪ್ರದರ್ಶನದ ದಿನದ್ದು ಒಂದು ಹೇಳಿ ಮುಗಿಸುತ್ತೇನೆ. ಯಜಮಾನರೂ ನಾನೂ ಎರಡು ಬಸ್ಸು ಬದಲಾಯಿಸಿ ಹೋಗಿದ್ದೆವು. ದೊಡ್ಡ ಹಾಲ್, ತಣ್ಣನೆಯ ನೆಲ, ತುಂಬ ಇಂಗ್ಲಿಷು. ಉದ್ದನೆಯ ಬಿಳಿ ಮೇಜಿನ ಮೇಲೆ ಜಾಡಿಗಳು ಸಾಲಾಗಿದ್ದವು. ಮೊದಲನೆಯದು, ಆಮೇಲೆ ಒಂದು ಜಾಡಿ ಹಿಡಿಸುವಷ್ಟು ಖಾಲಿ ಜಾಗ, ಆಮೇಲೆ ಉಳಿದವು. ರಸ್ತೆ ಅಲ್ಲಿ ಇಲ್ಲದೆ ಮುಂದೆ ಮತ್ತೆ ಶುರುವಾಗುತ್ತಿತ್ತು. ಅವುಗಳನ್ನು ಒತ್ತೊತ್ತಾಗಿ ಇಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರು ಹಾಗೆ ಇಡಲಿಲ್ಲ.

ಕಾಲೇಜಿನ ಹುಡುಗಿಯೊಬ್ಬಳು ಪುಸ್ತಕದಲ್ಲಿ ಬರೆದುಕೊಳ್ಳುತ್ತಾ ಬಂದು ಕೇಳಿದಳು. "ಮೇಡಂ, ಇಲ್ಲೊಂದು ಮಿಸ್ಸಾಗಿದೆಯಲ್ಲ, ಬೇಕಂತಲೇ ಬಿಟ್ಟಿದ್ದಾ?"

"ಇಲ್ಲಮ್ಮ. ನಾನು ಆತುರಪಟ್ಟು ಒಡೆದುಬಿಟ್ಟೆ," ಅಂದರು ಮೇಡಂ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಅವರ ಪಕ್ಕದಲ್ಲೇ ನಿಂತಿದ್ದೆ.

ಅಲ್ಲಿ ಸುಮ್ಮನಿದ್ದಿದ್ದರೆ ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಯಜಮಾನರು ಮೊಣಕೈಯಿಂದ ತಿವಿದರು ಕೂಡ.

"ಅವರ ಆತುರ ಅಲ್ಲಮ್ಮ," ಅಂದೆ. ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿ ಬಂದು ನಾಲ್ಕು ಜನ ತಿರುಗಿದರು. "ತಪ್ಪು ನಾನು ಮಾಡಿದ್ದು. ಮಾಡಿ ಮೂರು ದಿನ ಬಾಯಿ ಮುಚ್ಕೊಂಡಿದ್ದೆ. ಅದಕ್ಕೆ ಹೋಯ್ತು ಅದು."

ಹುಡುಗಿ ಪೆನ್ನು ಎತ್ತಿಕೊಂಡು ಯಾರನ್ನು ನಂಬುವುದೆಂದು ನಮ್ಮಿಬ್ಬರನ್ನೂ ನೋಡಿದಳು. ಮೇಡಂ ನನ್ನ ಕಡೆ ತಿರುಗಿದರು. ಕಣ್ಣಲ್ಲಿ ನಗುವೋ ಮತ್ತೇನೋ, ಹೊಳೆಯುತ್ತಿತ್ತು. ಬಲಗೈಯಿಂದ ನನ್ನ ಮೊಣಕೈ ಹಿಡಿದುಕೊಂಡರು. ಆ ಕೈ ಸಣ್ಣಗೆ ನಡುಗುತ್ತಿದ್ದದ್ದು ನನಗೆ ತಿಳಿಯುತ್ತಿತ್ತು.

"ಬರ್ಕೊಳ್ಳಮ್ಮ," ಅಂದರು ಹುಡುಗಿಗೆ. "ಒಂದು ಹೋಗಿದ್ದು ಇವರು ಸುಮ್ನಿದ್ದಿದ್ದಕ್ಕೆ. ಎಂಟು ಉಳಿದಿದ್ದು ಇವರು ಓಡಿ ಬಂದಿದ್ದಕ್ಕೆ. ಎರಡನ್ನೂ ಬರ್ಕೊ."